ಆಚೆ ದಡದ ಫಿಲೋಮೀನ

ಫಿಲೋಮೀನಳ ಹಟ ಎಂಥದ್ದು ಎಂದು ತಿಳಿಯಬೇಕಾದರೆ ಮೊದಲು ಏಡಿಯ ಸಂಗತಿ ಕೇಳಬೇಕು. ಅವಳಿನ್ನೂ ಲಂಗ ತೊಡುವ ಹುಡುಗಿಯಾಗಿದ್ದಾಗ ಒಂದು ನೀಲಿ ಏಡಿ ಅವಳ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ಬೇರೆಯವರಾದರೆ ಕೂಗಿ ಊರು ಒಂದು ಮಾಡುತ್ತಿದ್ದರು. ಇವಳು ಮಾಡಿದ್ದೇನು? ಇನ್ನೊಂದು ಕೈಯಲ್ಲಿ ಆ ಏಡಿಯ ಇನ್ನೊಂದು ಕೊಂಡಿಯನ್ನು ಹಿಡಿದುಕೊಂಡು, ದೋಣಿಯಂಚಿನಲ್ಲಿ ಕೂತು, ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಬೆಳಗ್ಗೆ ಹಿಡಿದದ್ದು ಮಧ್ಯಾಹ್ನ ಬಿಟ್ಟಿತು. ಬಿಟ್ಟದ್ದು ಏಡಿ. ಆ ಏಡಿ ಅಂದಿನಿಂದ ಸಾಯುವವರೆಗೂ ನೆಟ್ಟಗೆ ಮುಂದಕ್ಕೇ ನಡೆಯುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ.

ಅವಳು ನನ್ನ ನೆರೆಯವಳು. ನಮ್ಮಿಬ್ಬರ ಮನೆಗಳೂ ಇರುವುದು ಬಾಯೂ ಸಾರ್ಸೆಲ್ ಎಂಬ ಹೊಳೆಯ ಆಚೆ ದಡದಲ್ಲಿ. ನಾವು ನಿಂತ ಕಡೆ ನಮಗೆ ಈಚೆ ಆಗಬೇಕು ನಿಜ. ಆದರೆ ರಸ್ತೆ, ಅಂಗಡಿ, ಇಗರ್ಜಿ, ಶಾಲೆಯ ಬಸ್ಸು, ಅಂಚೆಯವನು ಎಲ್ಲವೂ ಎದುರು ದಡದಲ್ಲಿ. ಅಂಚೆಯವನು ನಿಂತ ಕಡೆಯೇ ಈಚೆ, ಉಳಿದದ್ದೆಲ್ಲ ಆಚೆ. ಸೇತುವೆ ಕಟ್ಟುತ್ತೇವೆಂದು ನನ್ನಪ್ಪನಿಗೂ ಹೇಳಿದ್ದರು, ನನಗೂ ಹೇಳಿದ್ದಾರೆ. ದಕ್ಷಿಣ ಲೂಸಿಯಾನದಲ್ಲಿ ನೀರಿನ ಮೇಲೆ ಬರೆದಷ್ಟು ಮಾತು ಕಾಗದದ ಮೇಲೆ ಯಾರೂ ಬರೆದಿಲ್ಲ. ಹಾಗಾಗಿ ನಮ್ಮ ಕಾಲು ದೋಣಿ.

ಫಿಲೋಮೀನ ಏಡಿ ಹಿಡಿದು ಬದುಕುವವಳು. ಗಂಡ ಇದ್ದಾಗ ಇಬ್ಬರೂ ಬೋನು ಎತ್ತುತ್ತಿದ್ದರು. ಅವನು ಹೋದ ಮೇಲೆ ಒಬ್ಬಳೇ. ಮಗಳೂ ಹೋದಳು, ಕಾಯಿಲೆಯಿಂದ, ಒಂದು ಕೂಸನ್ನು ಬಿಟ್ಟು. ಆ ಕೂಸೇ ಅಝೆಲಿ. ನಡೆಯಲು ಕಲಿಯುವ ಮೊದಲೇ ಅಜ್ಜಿಯ ಮನೆಗೆ ಬಂದದ್ದು, ಈಗ ಎಂಟು ವರ್ಷದ ಹುಡುಗಿ. ಅಜ್ಜಿಯನ್ನು ‘ಮೊಮೊ’ ಎನ್ನುತ್ತಾಳೆ, ನನ್ನನ್ನು ಊರೆಲ್ಲ ಕರೆಯುವ ಹಾಗೆ ‘ನೋಂಕ್’ ಎನ್ನುತ್ತಾಳೆ. ಚಿಕ್ಕಪ್ಪ ಎಂದು ಅರ್ಥ. ಎಂಬತ್ತು ದಾಟಿದರೂ ನನಗೆ ಬಡ್ತಿ ಸಿಕ್ಕಿಲ್ಲ.

ಈಗ ಜನವರಿಯ ಮಾತು ಹೇಳಬೇಕು. ಜನವರಿ ಬಂತೆಂದರೆ ನಮ್ಮಲ್ಲಿ ಮಕ್ಕಳಿಗೆ ಬೇಡಿಕೆ. ಮಿಕ್ಕ ಹನ್ನೊಂದು ತಿಂಗಳು ‘ಈ ಪೀಡೆಯನ್ನು ಯಾರಾದರೂ ಕರೆದುಕೊಂಡು ಹೋಗಿ’ ಎನ್ನುವ ತಾಯಂದಿರು ಆಗ ಮಕ್ಕಳ ಮೂಗು ಒರೆಸಿ ಮುಂದೆ ನಿಲ್ಲಿಸುತ್ತಾರೆ. ಮಗು ಸಾಕುವ ದುಡಿಯುವ ಜನಕ್ಕೆ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ, ಕಟ್ಟಿದ್ದಕ್ಕಿಂತ ಹೆಚ್ಚೇ ಕೈಗೆ ಬರುವುದೂ ಉಂಟು. ನಾವು ಅದಕ್ಕೆ ‘ಮಗುವಿನ ದುಡ್ಡು’ ಎನ್ನುತ್ತೇವೆ. ಆ ವರ್ಷ ದುಡಿಮೆಯಿಲ್ಲದೆ ಕೂತ ತಾಯಿ, ‘ನನಗಂತೂ ಬರಲ್ಲ, ನೀನು ನಿನ್ನ ಕಾಗದದಲ್ಲಿ ಬರೆಸ್ಕೋ, ಬಂದದ್ದರಲ್ಲಿ ಅರ್ಧ ಕೊಡು’ ಎಂದು ಮಗುವನ್ನು ಅಣ್ಣನಿಗೋ ಭಾವನಿಗೋ ಕೊಟ್ಟುಬಿಡುತ್ತಾಳೆ. ದೋಣಿ ಎರವಲು ಕೊಟ್ಟ ಹಾಗೆ. ಅದು ತಪ್ಪು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕೂಸಿಗೆ ಗೊತ್ತೇ ಆಗುವುದಿಲ್ಲ, ತಾನು ಆ ವರ್ಷ ಯಾರ ಮಗು ಎಂದು. ನನ್ನ ತಮ್ಮನ ಮಗನೊಬ್ಬನನ್ನು ಒಂದೇ ಚಳಿಗಾಲದಲ್ಲಿ ಎಷ್ಟು ಜನ ಕೇಳಿದರೆಂದರೆ, ಅವನು ಕೊನೆಗೆ ತನ್ನನ್ನು ತಾನೇ ಹರಾಜು ಹಾಕಿಕೊಂಡ.

ಫಿಲೋಮೀನ ಮಾತ್ರ ಅಝೆಲಿಯನ್ನು ಯಾರಿಗೂ ಎರವಲು ಕೊಟ್ಟವಳಲ್ಲ. ಕೇಳಲು ಬಂದವರಿಗೆ ಕಾಫಿ ಕೊಟ್ಟು, ‘ಇವಳಿಗೆ ರಾತ್ರಿ ಕೆಮ್ಮು ಬಂದಾಗ ನೀನು ಎದ್ದಿದ್ಯಾ?’ ಎನ್ನುವಳು. ಅಷ್ಟೇ. ಕಾಫಿ ಆರುವ ಮೊದಲೇ ಅವರು ದೋಣಿ ಹತ್ತುತ್ತಿದ್ದರು.

ಚಳಿಗಾಲದಲ್ಲಿ ಏಡಿ ಕೆಸರಿಗೆ ಇಳಿಯುತ್ತದೆ, ನಮ್ಮ ಜೇಬೂ ಇಳಿಯುತ್ತದೆ. ಆ ಹೊತ್ತಿಗೇ ಮಗುವಿನ ದುಡ್ಡು ಬರುವುದರಿಂದ ಅವಳು ವರ್ಷಕ್ಕೊಂದು ದೊಡ್ಡ ಕೆಲಸ ಮಾಡಿಸುತ್ತಿದ್ದಳು. ಒಂದು ವರ್ಷ ಚಾವಣಿ. ಒಂದು ವರ್ಷ ಹೊಸ ಬೋನುಗಳು. ಒಂದು ವರ್ಷ ಅಝೆಲಿಯ ಹಲ್ಲು. ಈ ಸಲದ್ದು ದೋಣಿಯ ಮೋಟಾರು. ಕ್ರಿಸ್‌ಮಸ್ಸಿಗೆ ಹಳೆಯ ಮೋಟಾರು ಒಂದು ಸಲ ಸೀನಿ ಸುಮ್ಮನಾಯಿತು. ನಾನೇ ಬಿಚ್ಚಿ ನೋಡಿದೆ. ಒಳಗೆ ಮೋಟಾರು ಎನ್ನುವುದು ಇರಲೇ ಇಲ್ಲ, ತುಕ್ಕು ಮೋಟಾರಿನ ಆಕಾರದಲ್ಲಿ ಕೂತಿತ್ತು. ವಸಂತಕ್ಕೆ ಏಡಿ ಮೇಲೆ ಬರುವ ಮೊದಲು ಹೊಸದು ಬರಬೇಕು. ಇಲ್ಲದಿದ್ದರೆ ಕೆಳಗಿನ ಕೆರೆಗಳವರೆಗೆ ಹುಟ್ಟು ಹಾಕಿಕೊಂಡು ಹೋಗಿ ಬೋನು ಎತ್ತಿ ಬರುವುದು ಅವಳ ವಯಸ್ಸಿನವರಿಗೆ ಆಗುವ ಕೆಲಸವಲ್ಲ. ಬೋನು ಎತ್ತದಿದ್ದರೆ ವರ್ಷದ ಅನ್ನವಿಲ್ಲ.

ಫೆಬ್ರವರಿಯ ಕೊನೆಗೆ ಅವಳು ಲೈಬ್ರರಿಗೆ ಹೋದಳು. ಅಲ್ಲಿ ಮಿಸ್ ಲೊರೇನ್ ಎಂಬಾಕೆ, ಬ್ಯಾಂಕಿನಲ್ಲಿದ್ದು ನಿವೃತ್ತಳಾದವಳು, ಬಡವರ ತೆರಿಗೆ ಕಾಗದಗಳನ್ನು ಪುಕ್ಕಟೆ ತುಂಬಿಕೊಡುತ್ತಾಳೆ. ಎಲ್ಲ ತುಂಬಿ, ಕಂಪ್ಯೂಟರಿನಲ್ಲಿ ಕಳಿಸಿ, ಇಬ್ಬರೂ ಮೊಮ್ಮಕ್ಕಳ ಮಾತಾಡುತ್ತ ಕೂತರು. ಸ್ವಲ್ಪ ಹೊತ್ತಿನಲ್ಲೇ ಕಾಗದ ವಾಪಸ್ ಬಂತು.

“ಫಿಲೋಮೀನ, ಈ ಮಗೂನ ಈ ವರ್ಷ ಆಗಲೇ ಯಾರೋ ಬರೆಸಿಕೊಂಡುಬಿಟ್ಟಿದಾರೆ ಕಣೇ,” ಎಂದಳು ಮಿಸ್ ಲೊರೇನ್.

“ಯಾರು?”

“ಹೆಸರು ಹೇಳಲ್ಲ ಅದು. ಬರೆಸಿದಾರೆ ಅನ್ನುತ್ತೆ, ಅಷ್ಟೇ.”

“ಅದು ಹೇಳದಿದ್ರೆ ಬೇಡ. ನನಗೆ ಗೊತ್ತಾಗುತ್ತೆ,” ಎಂದು ಫಿಲೋಮೀನ ಎದ್ದಳು.

ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈಚೆ ದಡದ ದೋಣಿಕಟ್ಟೆಯ ಪಕ್ಕದಲ್ಲೇ ಟೆಲೆಸ್ಫೋರನ ಮನೆ. ಅವಳ ಗಂಡನ ತಮ್ಮ, ಮದುವೆಯಾಗದವನು, ದೋಣಿ ಕಟ್ಟುವ ಅಂಗಳದಲ್ಲಿ ಬೆಸುಗೆ ಹಾಕುವವನು. ಶನಿವಾರದ ಕುಣಿತಕ್ಕೆ ಅಕಾರ್ಡಿಯನ್ ಪಕ್ಕ ನಿಂತು ಕಬ್ಬಿಣದ ತ್ರಿಕೋನ ಬಾರಿಸುವವನೂ ಅವನೇ. ಅಝೆಲಿಯ ಪಾರೆನ್ ಅವನು: ಜ್ಞಾನಸ್ನಾನದ ದಿನ ಕೂಸನ್ನು ಎತ್ತಿ ಹಿಡಿದು ಪಾದ್ರಿಯ ಮುಂದೆ ಮಾತು ಕೊಟ್ಟವನು. ನಮ್ಮಲ್ಲಿ ಪಾರೆನ್ ಎಂದರೆ ಅಪ್ಪನಿಗಿಂತ ಒಂದು ಮೆಟ್ಟಿಲು ಕೆಳಗೆ, ಬಿಷಪ್ಪರಿಗಿಂತ ಒಂದು ಮೆಟ್ಟಿಲು ಮೇಲೆ. ಅಪ್ಪ ಇಲ್ಲದ ಮಗುವಾದರೆ ಇನ್ನೂ ಮೇಲೆ.

ಅವನ ಜಗಲಿಯಲ್ಲಿ ಬಿಳಿ ಬಟ್ಟೆಯ ಗಂಟು, ಕೋಳಿಗೂಡಿನ ಪಕ್ಕ ಹೊಸ ಕಟ್ಟಿನೊಳಗೆ ನನ್ನಷ್ಟು ದಪ್ಪದ ಹಂದಿ. ಫಿಲೋಮೀನ ಎರಡನ್ನೂ ನೋಡಿದಳು. ನಾನು ಅವಳ ಹಿಂದೆ ನಿಂತಿದ್ದೆ. ಜಗಳ ನಡೆಯುವ ಕಡೆ ವಯಸ್ಸಾದವರೊಬ್ಬರು ಇರಬೇಕು, ಇಲ್ಲದಿದ್ದರೆ ಆಮೇಲೆ ಸರಿಯಾಗಿ ಹೇಳುವವರು ಯಾರು?

“ಟೆಲೆಸ್, ಅಝೆಲೀನ ನಿನ್ನ ತೆರಿಗೆ ಕಾಗದದಲ್ಲಿ ಬರೆಸಿದ್ಯಾ?”

“ಬರೆಸ್ದೆ ಅತ್ತಿಗೆ.” ಅವನ ಮುಖದಲ್ಲಿ ಅಳುಕಿನ ಸುಳಿವೂ ಇಲ್ಲ. “ನಿಮಗೆ ಹೇಳದೆ ಹಬ್ಬದ ದಿನ ತೋರಿಸೋಣ ಅಂತಿದ್ದೆ. ಈಸ್ಟರ್ ಆದಮೇಲೆ ಇಗರ್ಜೀಲಿ ಅವಳು ಮೊದಲ ಪರಮಪ್ರಸಾದ ತಗೊಳ್ಳೋ ಹಬ್ಬ ಅಲ್ವಾ? ಈ ಬಾಯೂನಲ್ಲಿ ಯಾವ ಹುಡುಗೀಗೂ ಮಾಡಿರಬಾರದು, ಹಾಗೆ ಮಾಡ್ತೀನಿ. ಉಡುಪಿಗೆ ಬಟ್ಟೆ ತಂದಾಯ್ತು, ಹಂದಿ ಬಂತು, ಎರಡು ಮೇಳಕ್ಕೆ ಹೇಳಿದೀನಿ.”

“ಎರಡು ಮೇಳ ಯಾಕೆ?”

“ಒಂದು ಮೇಳದವರು ಉಣ್ಣುವಾಗ ಇನ್ನೊಂದು ಬಾರಿಸಬೇಕಲ್ಲ.”

“ಅದು ನನ್ನ ಮೋಟಾರಿನ ದುಡ್ಡು ಟೆಲೆಸ್.”

“ಮಗುವಿನ ದುಡ್ಡು ಅತ್ತಿಗೆ. ಮಗುವಿಗೇ ಹಾಕ್ತಿದೀನಿ, ನನ್ನ ಬಾಯಿಗಲ್ಲ. ಪಾರೆನ್ ಅಲ್ವಾ ನಾನು? ಪಾದ್ರಿ ಮುಂದೆ ಆಡಿದ ಮಾತು ತೆರಿಗೆಯವರ ಮುಂದೆ ಆಗಲ್ವಾ?”

“ತೆರಿಗೆಯವರು ಪಾದ್ರೀನ ಕೇಳಲ್ಲ. ಮಗು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಯಾರ ಮನೇಲಿ ಮಲಗ್ತು ಅಂತ ಕೇಳ್ತಾರೆ. ಮಿಸ್ ಲೊರೇನ್ ಹೇಳಿದ್ಲು.”

ಅವನು ಸ್ವಲ್ಪ ಯೋಚಿಸಿದ. “ತೆರಿಗೆ ಕಾಗದ ತುಂಬೋ ಅಂಗಡಿಯವನು ಮಗು ವಿಳಾಸ ಕೇಳ್ದ, ಶಾಲೇಲಿರೋ ವಿಳಾಸ ಕೊಟ್ಟೆ. ಅದು ನನ್ನ ಮನೇದೇ. ಸರಿಯಾಗಿದೆ ಅಂದ. ಹೋಗ್ಲಿ, ಅರ್ಧ ತಗೊಳ್ಳಿ. ಹಂದಿ ಮಾರಿ ಕೊಡ್ತೀನಿ.”

“ಅರ್ಧ ಮೋಟಾರಲ್ಲಿ ದೋಣಿ ಸುತ್ತಲೇ ತಿರುಗುತ್ತೆ. ನನಗೆ ಅರ್ಧ ಬೇಡ. ನೀನು ಹೋಗಿ ತಿದ್ದಿಸು.”

“ತಿದ್ದಿಸಿದ್ರೆ ಏನರ್ಥ ಅತ್ತಿಗೆ? ಟೆಲೆಸ್ಫೋರ್ ಮಗು ಕದ್ದ ಅಂತ ಊರೆಲ್ಲ ಹೇಳಲ್ವಾ? ಅದೊಂದು ಕೇಳ್ಬೇಡಿ.”

ಹಂದಿ ಗುರುಗುಟ್ಟಿತು. ಫಿಲೋಮೀನ ದೋಣಿಗೆ ಇಳಿದಳು. ದಾರಿಯಲ್ಲಿ ನಾನು, “ಅವನು ಕೆಟ್ಟವನಲ್ಲ ಮಗಳೇ,” ಎಂದೆ.

“ಗೊತ್ತು ನೋಂಕ್. ಕೆಟ್ಟವನಾಗಿದ್ರೆ ಸುಲಭ ಇತ್ತು,” ಎಂದಳು.

ಮಾರನೆಯ ದಿನದಿಂದ ಅವಳ ಓಡಾಟ ಶುರುವಾಯಿತು. ಕಂಪ್ಯೂಟರಿನಲ್ಲಿ ಹೋಗದಿದ್ದರೆ ಕಾಗದದಲ್ಲೇ ಕಳಿಸಬಹುದು, ಆದರೆ ಇಬ್ಬರು ಒಂದೇ ಮಗುವನ್ನು ಬರೆಸಿದರೆ ಸರ್ಕಾರ ಇಬ್ಬರಿಗೂ ಪತ್ರ ಬರೆಯುತ್ತದೆ, ಯಾರೂ ಹಿಂದೆ ಸರಿಯದಿದ್ದರೆ ಮಗು ಎಲ್ಲಿ ಮಲಗಿತು ಎನ್ನುವುದಕ್ಕೆ ಪುರಾವೆ ಕೊಡಬೇಕು ಎಂದು ಮಿಸ್ ಲೊರೇನ್ ಬಿಡಿಸಿ ಹೇಳಿದಳು. ಶಾಲೆಯದಾಗಲಿ, ಆಸ್ಪತ್ರೆಯದಾಗಲಿ ಒಂದು ಪತ್ರ.

ಶಾಲೆಯ ಕಚೇರಿಯ ಹುಡುಗಿ ಒಳ್ಳೆಯವಳೇ. ನೋಡಿ, “ವಿಳಾಸ ಟೆಲೆಸ್ಫೋರ್ ಅವರ ಮನೇದಿದೆಯಲ್ಲ ಮೇಡಂ,” ಎಂದಳು.

“ಬಸ್ಸು ನಮ್ಮ ಕಡೆ ಬರಲ್ಲ. ಅವತ್ತು ನೀವೇ ತಾನೆ ಹೇಳಿದ್ದು, ರಸ್ತೆ ಇರೋ ವಿಳಾಸ ಕೊಡಿ ಅಂತ?”

“ಹೌದು. ಆದ್ರೆ ಈಗ ಇಲ್ಲಿರೋದನ್ನ ಬಿಟ್ಟು ಬೇರೆ ನಾನು ಹೇಗೆ ಬರೆದುಕೊಡ್ಲಿ?”

ಆಸ್ಪತ್ರೆಯಲ್ಲೂ ಅದೇ. ಪತ್ರಗಳು ಟೆಲೆಸ್ಫೋರನ ಅಂಚೆಪೆಟ್ಟಿಗೆಗೇ ಬರುವುದರಿಂದ ಅಲ್ಲೂ ಅದೇ ವಿಳಾಸ. ನನ್ನದೂ ಅದೇ ವಿಳಾಸ. ಆಚೆ ದಡದವರದೆಲ್ಲ ಅದೇ. ಕಾಗದ ನೋಡಿದರೆ ಟೆಲೆಸ್ಫೋರನ ಎರಡು ಕೋಣೆಯ ಮನೆಯಲ್ಲಿ ನಾವು ಹದಿನಾರು ಜನ ವಾಸ, ಸಾಲದ್ದಕ್ಕೆ ಸತ್ತುಹೋದ ಇಬ್ಬರು. ಅಷ್ಟು ವರ್ಷ ಅದು ಯಾರಿಗೂ ತೊಂದರೆ ಎನ್ನಿಸಿರಲಿಲ್ಲ.

“ನಾನಿದೀನಲ್ಲ,” ಎಂದೆ ನಾನು, ಮತ್ತೆ ಲೈಬ್ರರಿಗೆ ಬಂದು ಕೂತಾಗ. “ಪಕ್ಕದ ಮನೆಯವನು. ಮಗು ಬೆಳಗ್ಗೆ ಹಲ್ಲುಜ್ಜೋದರಿಂದ ಹಿಡಿದು ನೋಡಿದೀನಿ. ನಾನೇ ಸಾಕ್ಷಿ ಬರೆದುಕೊಡ್ತೀನಿ.”

ಮಿಸ್ ಲೊರೇನ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಫಿಲೋಮೀನ ಅವಳನ್ನು ನೋಡಿದಳು.

“ನೋಂಕ್, ನಿನ್ನ ಅಡುಗೆಮನೆ ಕಥೆ ಇಡೀ ಜಿಲ್ಲೆಗೆ ಗೊತ್ತು,” ಎಂದಳು ಫಿಲೋಮೀನ.

ಅದು ಕಥೆಯಲ್ಲ. ದೊಡ್ಡ ಚಂಡಮಾರುತದ ವರ್ಷ ನಮ್ಮ ಅಡುಗೆಮನೆ ಒಂದೇ ಕಳಚಿಕೊಂಡು ತೇಲಿಹೋಯಿತು, ಒಲೆಯ ಮೇಲೆ ಗಂಬೋ ಸಾರು ಕುದಿಯುತ್ತಲೇ ಇತ್ತು. ಮೂರು ಮೈಲಿ ಕೆಳಗೆ ಯಾರೋ ಅದಕ್ಕೆ ಉಪ್ಪು ಸಾಲದೆಂದು ಹಾಕಿಕೊಂಡು ಉಂಡು, ಪಾತ್ರೆ ತೊಳೆದಿಟ್ಟು ಕಳಿಸಿದರು. ನಿಜ ಹೇಳಿದವನಿಗೆ ಈ ಕಾಲದಲ್ಲಿ ಬೆಲೆಯಿಲ್ಲ. ಅಂದಿನಿಂದ ಇಂದಿನವರೆಗೆ ನನ್ನ ಮಾತು ನಂಬಿದವರಿಲ್ಲ, ಬೇಕಾದಾಗ ಸಾಕ್ಷಿ ಹೇಳಲೂ ಬಾರದ ಹಾಗಾಯಿತು.

“ಟೆಲೆಸ್ಫೋರ್ ತಾನಾಗಿ ತನ್ನ ಕಾಗದ ತಿದ್ದಿದ್ರೆ ಎಲ್ಲಾ ಸಲೀಸು,” ಎಂದಳು ಮಿಸ್ ಲೊರೇನ್. “ಅದಿಲ್ಲದೆ ನಡೆದ್ರೆ ವರ್ಷ ಎಳೆಯುತ್ತೆ. ಅರ್ಧ ತಗೊಂಡು ಸುಮ್ಮನಾಗಬಾರದಾ ಫಿಲೋಮೀನ?”

“ಈ ವರ್ಷ ಅರ್ಧ ತಗೊಂಡ್ರೆ ಮುಂದಿನ ವರ್ಷ ಅವಳು ಅರ್ಧ ಅವನ ಮಗು. ಎಲ್ಲಾರ ಮುಂದೆ ಎರವಲು ಮಗು. ನಾನು ಬರೆದು ಕಳಿಸ್ತೀನಿ, ಎಳೆಯಲಿ.”

ಕಾಗದ ಅಂಚೆಗೆ ಹಾಕಿ ಬಂದಳು. ಆದರೆ ಮನೆಗೆ ಬಂದು ಕೂರಲಿಲ್ಲ. ಅಂದಿನಿಂದ ದಿನಾ ಸಂಜೆ ಖಾಲಿ ದೋಣಿಗೆ ಕಲ್ಲು ತುಂಬಿಕೊಂಡು ಮೇಲಕ್ಕೂ ಕೆಳಕ್ಕೂ ಹುಟ್ಟು ಹಾಕತೊಡಗಿದಳು. ಏನು ಮಾಡ್ತಿದ್ದೀಯ ಎಂದರೆ, “ತೋಳು ಹೊಸದು ಮಾಡ್ಕೊತಿದೀನಿ. ಮೋಟಾರು ಬರದಿದ್ರೆ ಏಡಿ ಕಾಯುತ್ತಾ?” ಎಂದಳು. ಅವಳ ಅಂಗೈಯಲ್ಲಿ ಬೊಬ್ಬೆಗಳು ಎದ್ದು, ಒಡೆದು, ಮತ್ತೆ ಎದ್ದವು. ನಾನು ಹಂದಿಕೊಬ್ಬು ಹಚ್ಚಲು ಹೇಳಿದೆ. ಹಂದಿ ಎಂಬ ಮಾತೇ ಆಡಬೇಡ ಎಂದಳು.

ಇಷ್ಟೆಲ್ಲ ಆದರೂ ಬೆಳಗಿನ ರೀತಿ ಬದಲಾಗಲಿಲ್ಲ. ಅಝೆಲಿ ದೋಣಿ ಇಳಿದು ಟೆಲೆಸ್ಫೋರನ ಜಗಲಿಯಲ್ಲಿ ಕೂರುವಳು, ಅವನು ಬಿಸಿ ಹಾಲಿಗೆ ಚೂರು ಕಾಫಿ ಹಾಕಿ ಕೊಡುವನು, ಬಸ್ಸು ಬರುವುದು. ಅತ್ತಿಗೆ ಮೈದುನ ಮಾತ್ರ ಮಾತಾಡುತ್ತಿರಲಿಲ್ಲ. ಆಡಬೇಕಾದದ್ದಿದ್ದರೆ ಮಗುವಿನ ಮೂಲಕ.

“ಅಝೆಲಿ, ನಿನ್ನ ಮೊಮೊಗೆ ಹೇಳು, ಅಂಚೆ ಬಂದಿದೆ ಅಂತ.”

“ಅಝೆಲಿ, ನಿನ್ನ ಪಾರೆನ್‌ಗೆ ಹೇಳು, ನನಗೆ ಕಿವಿ ಇದೆ ಅಂತ.”

“ನಾನು ಇಬ್ಬರ ಹತ್ರಾನೂ ಸಂಬಳ ಕೇಳ್ತೀನಿ,” ಎನ್ನುತ್ತಿದ್ದಳು ಹುಡುಗಿ.

ಮಾರ್ಚಿನ ನಡುವೆ ಮಂಜು ಬಂತು. ನಮ್ಮ ಮಂಜು ನಿಮ್ಮ ಮಂಜಿನ ಹಾಗಲ್ಲ. ಒಂದು ಬೆಳಗ್ಗೆ ನಾನು ಗೂಟವೆಂದು ತಿಳಿದು ಮಂಜಿಗೇ ಟೊಪ್ಪಿ ತಗುಲಿಹಾಕಿ ಬಲೆ ಹೊಲಿಯುತ್ತ ಕೂತಿದ್ದೆ. ಬಿಸಿಲೇರಿದ ಮೇಲೆ ಟೊಪ್ಪಿ ನೀರಿಗೆ ಬಿತ್ತು. ಅಂಥ ದಿನ ಎದುರು ದಡಕ್ಕೆ ಹೋಗುವುದು ಸುಮ್ಮನಲ್ಲ. ಬಾಯೂವಿನ ನಡುವೆ ದಿಕ್ಕು ತಪ್ಪಿದರೆ ಸೆಳವು ಕೆಳಗಿನ ಕಾಲುವೆಗೆ ಒಯ್ಯುತ್ತದೆ, ಅಲ್ಲಿ ದೊಡ್ಡ ಹಡಗುಗಳ ಓಡಾಟ. ಅದಕ್ಕೇ ಮಂಜಿನ ದಿನ ಟೆಲೆಸ್ಫೋರ್ ಕಟ್ಟೆಯ ತುದಿಗೆ ಬಂದು ನಿಂತು ತನ್ನ ತ್ರಿಕೋನ ಬಾರಿಸುತ್ತಾನೆ. ಆ ಸದ್ದಿನ ಜಾಡು ಹಿಡಿದು ಹುಟ್ಟು ಹಾಕಿದರೆ ನೆಟ್ಟಗೆ ಅವನ ಕಾಲ ಬುಡಕ್ಕೇ ಬಂದು ತಲುಪುತ್ತೇವೆ. ಅಝೆಲಿ ಶಾಲೆಗೆ ಸೇರಿದಾಗಿನಿಂದ ಅವನು ಒಂದು ಮಂಜಿನ ದಿನವೂ ತಪ್ಪಿಸಿದವನಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ನಿಂತು ಬಾರಿಸಿದ್ದಾನೆ.

ಆ ದಿನ ದೋಣಿಯಲ್ಲಿ ನಾವು ಮೂವರು. ಅಝೆಲಿ ಶಾಲೆಗೆ. ನಾನು ಹೊಗೆಸೊಪ್ಪಿಗೆ. ಫಿಲೋಮೀನ ಪಾದ್ರಿಯ ಬಳಿಗೆ, ಅವರಾದರೂ ಒಂದು ಪತ್ರ ಕೊಡುತ್ತಾರೋ ಕೇಳಲು. ಹುಟ್ಟಿನ ತುದಿ ಕಾಣುತ್ತಿರಲಿಲ್ಲ. ದೂರದಲ್ಲಿ ಟಿಂಗ್ ಟಿಂಗ್ ಎಂದು ಸದ್ದು. ನಡುನೀರಿಗೆ ಬಂದಾಗ ಫಿಲೋಮೀನ ಹುಟ್ಟನ್ನು ಮೇಲಕ್ಕೆತ್ತಿ ಹಿಡಿದಳು. ಕೂತಲ್ಲಿಂದಲೇ ಮಂಜಿನೊಳಕ್ಕೆ ಕೂಗಿದಳು. ಎರಡು ವಾರಗಳ ಮೇಲೆ ಮೊದಲ ಸಲ ಮಗುವಿನ ಮೂಲಕ ಅಲ್ಲ, ನೇರವಾಗಿ.

“ಟೆಲೆಸ್, ಯಾರಿಗೋಸ್ಕರ ಬಾರಿಸ್ತಿದ್ದೀಯೋ?”

“ಇದೇನು ಪ್ರಶ್ನೆ ಅತ್ತಿಗೆ? ಅಝೆಲಿಗೆ.”

“ಅಝೆಲಿ ನಿನ್ನ ಮನೇಲಿ ಮಲಗಿದಾಳಲ್ಲ. ನಿನ್ನ ಕಾಗದದಲ್ಲಿ ಹಾಗಿದೆ. ಹೋಗಿ ಎಬ್ಬಿಸು, ಬಸ್ಸಿಗೆ ಹೊತ್ತಾಗುತ್ತೆ.”

ತ್ರಿಕೋನ ನಿಂತಿತು.

ಎಲ್ಲಿ ಮೇಲು, ಎಲ್ಲಿ ಕೆಳಗು, ಏನೂ ತಿಳಿಯಲಿಲ್ಲ. ದೋಣಿ ತನ್ನ ಪಾಡಿಗೆ ತಾನು ಮೆಲ್ಲಗೆ ತಿರುಗತೊಡಗಿತು. ನಾನು ಎರಡೂ ಕೈಯಲ್ಲಿ ದೋಣಿಯಂಚು ಹಿಡಿದುಕೊಂಡೆ.

“ಪಾರೆನ್,” ಎಂದು ಅಝೆಲಿ ಕರೆದಳು, “ಬಾರಿಸು. ನೋಂಕ್‌ಗೆ ಹೆದರಿಕೆ ಆಗ್ತಿದೆ.”

ಸದ್ದಿಲ್ಲ. ಫಿಲೋಮೀನಳ ದನಿ ಏರಲಿಲ್ಲ. “ನೀನು ಬಾರಿಸ್ಲೇಬೇಕು ಟೆಲೆಸ್, ನನಗೆ ಗೊತ್ತು. ಅವಳು ಆ ಕಡೆ ಮಲಗಿ ಈ ಕಡೆ ಬರ್ತಾಳೆ, ಅದಕ್ಕೇ ನೀನು ಅಲ್ಲಿ ನಿಂತಿದ್ದೀಯ. ಪಾರೆನ್ ಅಂದ್ರೆ ಅದೇ ಕಣೋ. ಅದನ್ನ ನಿನ್ನಿಂದ ಯಾರೂ ಕಿತ್ಕೊಳಲ್ಲ.”

ಒಂದು ಟಿಂಗ್. ಆಮೇಲೆ ಇನ್ನೊಂದು. ಆಮೇಲೆ ಅವನು ಬಾರಿಸಿದ ರೀತಿ ನೋಡಬೇಕಿತ್ತು, ಕೇಳಬೇಕಿತ್ತು ಎನ್ನಿ: ಶನಿವಾರದ ಕುಣಿತದಲ್ಲೂ ಅಷ್ಟು ಜೋರಾಗಿ ಬಾರಿಸಿದವನಲ್ಲ. ಮಂಜು ಎರಡು ಹೋಳಾಗಿ ಸೀಳಿ, ದೋಣಿಯಷ್ಟಗಲ ದಾರಿ ಬಿಟ್ಟಿತು, ಎರಡು ಪಕ್ಕ ಗೋಡೆ ನಿಂತ ಹಾಗೆ. ಇದನ್ನೂ ನೀವು ನಂಬಬೇಕಾಗಿಲ್ಲ.

ದಡ ತಲುಪಿದಾಗ ಅವನು ಮಗುವನ್ನು ಕೈಹಿಡಿದು ಇಳಿಸಿಕೊಂಡ. ಅವನ ಕಣ್ಣು ಕೆಂಪಾಗಿತ್ತು, ಮಂಜಿಗೆ ಎಂದ. ಹಾಲು ಕುಡಿಸಿ ಬಸ್ಸು ಹತ್ತಿಸಿ, ಕೈ ಒರೆಸಿಕೊಳ್ಳುತ್ತ ಬಂದು, “ಅತ್ತಿಗೆ, ಮಿಸ್ ಲೊರೇನ್ ಇವತ್ತು ಲೈಬ್ರರೀಲಿ ಇರ್ತಾಳಾ?” ಎಂದು ಕೇಳಿದ.

“ಇರ್ತಾಳೆ.”

“ನೀವೂ ಬನ್ನಿ. ನಾನು ಒಬ್ಬನೇ ಹೋದ್ರೆ ಬೈತಾಳೆ.”

“ನಾನು ಬಂದ್ರೂ ಬೈತಾಳೆ,” ಎಂದು ಫಿಲೋಮೀನ ಅವನ ಟ್ರಕ್ಕು ಹತ್ತಿದಳು.

ಅವನು ತನ್ನ ಕಾಗದ ತಿದ್ದಿಸಿದ. ಬಂದ ದುಡ್ಡನ್ನು ಸರ್ಕಾರಕ್ಕೆ ಕಂತಿನಲ್ಲಿ ಹಿಂದಿರುಗಿಸಲು ಒಪ್ಪಿದ. ಒಂದು ಮೇಳಕ್ಕೆ ಬೇಡವೆಂದು ಹೇಳಿ ಕಳಿಸಿದ. ಊರು ಎರಡು ದಿನ ಮಾತಾಡಿತು, ಮೂರನೆಯ ದಿನ ಬೇರೆ ಯಾರದೋ ಹಸು ಬಾಯೂವಿಗೆ ಬಿತ್ತು.

ಆದರೆ ಸರ್ಕಾರದ ದುಡ್ಡು ಆಮೆಯ ಮೇಲೆ ಕೂತು ಬರುತ್ತದೆ. ಏಪ್ರಿಲಿಗೆ ಏಡಿ ಮೇಲೆ ಬಂತು, ಮೋಟಾರು ಬರಲಿಲ್ಲ. ಮೊದಲ ದಿನ ಬೆಳಕು ಹರಿಯುವ ಮುಂಚೆ ಫಿಲೋಮೀನ ದೋಣಿ ಬಿಚ್ಚುವಾಗ, ಯಾರದೋ ದೋಣಿಯಲ್ಲಿ ನಮ್ಮ ದಡಕ್ಕೆ ದಾಟಿ ಬಂದ ಟೆಲೆಸ್ಫೋರ್ ಕಟ್ಟೆಯ ಮೇಲೆ ನಿಂತಿದ್ದ, ತಿಂಡಿಯ ಡಬ್ಬಿ ಹಿಡಿದು.

“ನೀನು ಯಾಕೆ ಬಂದೆ?”

“ಅರ್ಧ ಕೊಡ್ತೀನಿ ಅಂದಿದ್ನಲ್ಲ ಅತ್ತಿಗೆ. ಅರ್ಧ ಹುಟ್ಟು ಹಾಕ್ತೀನಿ.”

ಬೆಸುಗೆ ಕೆಲಸಕ್ಕೆ ಹೋಗುವ ಮೊದಲು ಪ್ರತಿದಿನ ಹುಟ್ಟು ಹಾಕಿದ. ಮೊದಲ ವಾರ ಅವನ ನರಳಾಟಕ್ಕೆ ಮೊಸಳೆಗಳು ತಮ್ಮವನೇ ಯಾರೋ ಕರೆಯುತ್ತಿದ್ದಾನೆಂದು ತಿಳಿದು ಉತ್ತರ ಕೊಡುತ್ತಿದ್ದವು. ಫಿಲೋಮೀನ ಕರುಣೆ ತೋರಿಸಲಿಲ್ಲ. ‘ಎಡಗಡೆ ಎಳಿ. ಅದು ನಿನ್ನ ಬಲಗಡೆ,’ ಎನ್ನುತ್ತ ಬೋನು ಎತ್ತಿದಳು. ಏಡಿಯ ವರ್ಷ ಹಾಳಾಗಿ ಹೋಗಲಿಲ್ಲ. ಪರಮಪ್ರಸಾದದ ದಿನ ಅಝೆಲಿ, ಟೆಲೆಸ್ಫೋರ್ ತಂದ ಬಟ್ಟೆಯಲ್ಲೇ ಅಜ್ಜಿ ಹೊಲಿದುಕೊಟ್ಟ ಉಡುಪನ್ನು ತೊಟ್ಟಳು. ಒಂದೇ ಮೇಳವಾದ್ದರಿಂದ ಅವರು ಉಣ್ಣುವಾಗ ನಾನು ಹಾಡಿದೆ. ಹಂದಿ ಮಾತ್ರ ಚೆನ್ನಾಗಿತ್ತು.

ಸೆಪ್ಟೆಂಬರಿನಲ್ಲಿ ಮಗುವಿನ ದುಡ್ಡು ಬಂತು, ಫಿಲೋಮೀನಳ ಹೆಸರಿಗೆ. ಮೋಟಾರು ಕಟ್ಟೆಗೆ ಬಂದಾಗ ಟೆಲೆಸ್ಫೋರ್ ಅದನ್ನು ಮುದ್ದಾಡಿದ. ಅವನ ಬೆನ್ನಿನ ಪಾಡು ಅವನಿಗೆ ಗೊತ್ತು. ಅದೇ ಮೋಟಾರು ಈಗಲೂ ಓಡುತ್ತಿದೆ. ಮಂಜಿನ ದಿನ ಮಾತ್ರ ಅವಳು ಅದನ್ನು ಶುರು ಮಾಡುವುದಿಲ್ಲ. ಅದರ ಸದ್ದಿಗೆ ತ್ರಿಕೋನ ಕೇಳಿಸುವುದಿಲ್ಲ. ಹುಟ್ಟು ಕೈಗೆ ತೆಗೆದುಕೊಂಡು, ಅಝೆಲಿಗೆ ಮುಂದೆ ಕೂರಲು ಹೇಳಿ, ಮೊದಲ ಟಿಂಗ್ ಕೇಳುವವರೆಗೆ ದಡದಲ್ಲೇ ಕಾಯುತ್ತಾಳೆ.